ತಿರುಪುಪೀಠವೂ ಅದನ್ನು ಮಾಡಿದ ಮನೆತನಗಳೂ

ಪಿಯಾನೋ ಎಂಬ ಪಾಶ್ಚಾತ್ಯ ವಾದ್ಯದ ಮುಂದೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ಅದನ್ನು ಮಾಡಿದ ಮನೆತನದ ಹೆಸರು. ಕೀಲಿಮಣೆಯ ಮೇಲ್ಗಡೆಯ ಹಲಗೆಯಲ್ಲಿ, ವಾದಕನ ದೃಷ್ಟಿಗೆ ನೇರವಾಗಿ, ಹೊಂಬಣ್ಣದ ಅಕ್ಷರಗಳಲ್ಲಿ ಅದನ್ನು ಬರೆದಿರುವರು. ಅದೇ ವಾದಕನು ಕುಳಿತುಕೊಳ್ಳುವ ಪೀಠಕ್ಕಾದರೋ ಈ ಭಾಗ್ಯವಿಲ್ಲ. ಅದನ್ನು ಮಾಡಿದವರ ಹೆಸರು ಎಲ್ಲಿಯಾದರೂ ಇದ್ದರೆ ಆಸನದ ಅಡಿಯಲ್ಲಿ, ಪೀಠವನ್ನು ತಲೆಕೆಳಗು ಮಾಡಿದವರಿಗೆ ಮಾತ್ರ ಕಾಣುವಂತೆ ಇರುತ್ತದೆ.

ಐದಾರು ವರ್ಷಗಳ ಹಿಂದೆ ಮೈಸೂರಿನಲ್ಲಿ ನಮ್ಮ ಹಿರಿಯ ಮಿತ್ರರೊಬ್ಬರ ಮನೆಯ ಅಟ್ಟದಿಂದ ಇಂತಹ ಒಂದು ಪೀಠವನ್ನು ಕೆಳಗಿಳಿಸಿದರು. ಪಿಯಾನೋ ಆ ಮನೆಯಿಂದ ಹೋಗಿ ಎಷ್ಟೋ ಕಾಲವಾಗಿತ್ತು. ಮೈಸೂರಿಗೆ ಆ ವಾದ್ಯವು ಅಪರಿಚಿತವೇನೂ ಅಲ್ಲ. ಜಯಚಾಮರಾಜ ಒಡೆಯರು (1919–1974) ಅದರಲ್ಲಿ ಸ್ವತಃ ಪರಿಶ್ರಮವುಳ್ಳವರಾಗಿದ್ದು, 1940ರ ದಶಕದ ಕೊನೆಯಲ್ಲಿ ರಷ್ಯಾ ದೇಶದ ಸಂಗೀತರಚನಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸುವುದಕ್ಕೆ ಧನಸಹಾಯ ಮಾಡಿದ ಸಂಗತಿಯನ್ನು ವಾಚಕರಲ್ಲಿ ಹಲವರು ಬಲ್ಲರು. ನಮ್ಮ ಮುಂದಿದ್ದ ಪೀಠವು ದುಂಡಗಿನ ಬೆತ್ತದ ಆಸನ, ಬಾಗಿದ ನಾಲ್ಕು ಕಾಲು, ನಡುವೆ ಒಂದು ಕಬ್ಬಿಣದ ತಿರುಪು, ಇಷ್ಟೇ. ಶಾಸನದ ಕಲ್ಲನ್ನು ಒರಸುವ ಅಭ್ಯಾಸದಿಂದ ಅದರ ಅಡಿಯನ್ನು ಒದ್ದೆಬಟ್ಟೆಯಿಂದ ಒರಸಲಾಗಿ, ಆಸನದ ಬಳೆಯ ಒಳಬದಿಯಲ್ಲಿ ಕಾಸಿದ ಮುದ್ರೆಯಿಂದ ಒತ್ತಿದ ಆರು ರೋಮನ್ ಅಕ್ಷರಗಳು ಕಾಣಿಸಿದುವು: ಟೋನೆಟ್. ಈ ಲೇಖನವು ಆ ಆರು ಅಕ್ಷರಗಳ ವ್ಯಾಖ್ಯಾನವೆಂದು ತಿಳಿಯಬಹುದು.

ಕುಳಿತುಕೊಳ್ಳುವ ವಸ್ತುವಿನ ಎತ್ತರವನ್ನು ನಿಶ್ಚಯಿಸುವವರು ಯಾರು? ನಮ್ಮ ಶಾಸ್ತ್ರಕಾರರು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಟ್ಟವರಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಯ್ಯಾಸನಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಯಾವ ಮರವು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬುದನ್ನು ಹೇಳಿದ ಮೇಲೆ ಮಂಚದ ಉದ್ದವನ್ನು ಅರಸನಿಗೆ 100 ಅಂಗುಲ, ರಾಜಪುತ್ರನಿಗೆ 90, ಮಂತ್ರಿಗೆ 84, ಸೇನಾಪತಿಗೆ 78, ಪುರೋಹಿತನಿಗೆ 72 ಎಂದು ವಿಧಿಸಿ, ಕಾಲುಗಳ ಎತ್ತರವು ಆ ಉದ್ದದ ಮೂರನೆಯ ಒಂದು ಪಾಲು ಎನ್ನುವನು. ಎಂದರೆ ಎತ್ತರವು ಪದವಿಯನ್ನು ಅನುಸರಿಸುತ್ತದೆಯೇ ಹೊರತು ಮಲಗುವವನ ಮೈಯನ್ನಲ್ಲ. ಪುರೋಹಿತನು ಆರಡಿಯ ಆಳಾಗಿದ್ದರೆ ಏನು ಗತಿ ಎಂಬ ಪ್ರಶ್ನೆಯನ್ನು ಆಚಾರ್ಯನು ಎತ್ತಿಲ್ಲ.

ಪಿಯಾನೋ ಪೀಠದ ನ್ಯಾಯವು ಇದಕ್ಕೆ ವಿಪರೀತವಾದುದು. ಫ್ಲಾರೆನ್ಸ್ ನಗರದ ಬಾರ್ತೊಲೊಮೆಯೊ ಕ್ರಿಸ್ಟೊಫೊರಿಯು 1700ರ ಸುಮಾರಿನಲ್ಲಿ ಈ ವಾದ್ಯವನ್ನು ನಿರ್ಮಿಸಿದನು. ಅದರಲ್ಲಿ ಬೆರಳು ಒತ್ತಿದ ಬಲಕ್ಕೆ ತಕ್ಕಂತೆ ಸುತ್ತಿಗೆಯು ತಂತಿಯನ್ನು ಮೆಲ್ಲಗೆ ಅಥವಾ ಜೋರಾಗಿ ಹೊಡೆಯುವುದರಿಂದ ವಾದಕನ ತೋಳಿನ ಭಾರ, ಮೊಳಕೈಯ ನಿಲವು ಇವೆಲ್ಲವೂ ನಾದಕ್ಕೆ ಸಂಬಂಧಪಟ್ಟ ಸಂಗತಿಗಳಾದುವು. ಯೋಹಾನ್ ಸೆಬಾಸ್ಟಿಯನ್ ಬಾಖನ ಮಗನಾದ ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖನು 1753ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಿಸಿದ ವಾದನಶಾಸ್ತ್ರಗ್ರಂಥದಲ್ಲಿ, ಸರಿಯಾದ ಎತ್ತರದಲ್ಲಿ ಕುಳಿತವನ ಮುಂಗೈ ಕೀಲಿಮಣೆಯ ಕಡೆಗೆ ಕೊಂಚವೇ ಇಳಿದಿರಬೇಕೆಂದು ಹೇಳಿರುವನು. ಕೀಲಿಮಣೆಯ ಎತ್ತರವು ಬದಲಾಗದು. ಮನುಷ್ಯರ ಮೈ ಒಂದೇ ಅಳತೆಯದಲ್ಲ. ಆದುದರಿಂದ ಏರಿಳಿಯಬೇಕಾದುದು ಪೀಠವೇ. 19ನೆಯ ಶತಮಾನದಲ್ಲಿ ಪಿಯಾನೋ ಅರಮನೆಯನ್ನು ಬಿಟ್ಟು ಯೂರೋಪಿನ ಮಧ್ಯಮವರ್ಗದ ಮನೆಗಳನ್ನು ಹೊಕ್ಕಾಗ ಈ ಅಗತ್ಯವು ಹೆಚ್ಚಿತು. ವಾದ್ಯವೊಂದು, ನುಡಿಸುವವರು ತಾಯಿ, ದೊಡ್ಡ ಮಗಳು, ಎಂಟು ವರ್ಷದ ಚಿಕ್ಕವನು, ಮೂವರಿಗೂ ಪೀಠವೊಂದೇ.

ಇದಕ್ಕೆ ಕಂಡುಕೊಂಡ ಉಪಾಯವು ಬಹು ಸರಳ. ದುಂಡಗಿನ ಆಸನದ ಅಡಿಯಲ್ಲಿ ದಪ್ಪವಾದ ತಿರುಪನ್ನು ನೆಟ್ಟು, ಕಾಲುಗಳು ಕೂಡುವ ಗುಂಬದಲ್ಲಿ ಅದಕ್ಕೆ ಸರಿಯಾದ ಪುರಿಯನ್ನು ಕೊರೆಯುವುದು. ಹಳೆಯ ಪೀಠಗಳಲ್ಲಿ ಮರದ ತಿರುಪೂ ಉಂಟು. ಆಮೇಲೆ ಕಬ್ಬಿಣದ್ದೇ ರೂಢಿಯಾಯಿತು. ಆಸನವನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ಏರುತ್ತದೆ, ಪ್ರದಕ್ಷಿಣವಾಗಿ ತಿರುಗಿಸಿದರೆ ಇಳಿಯುತ್ತದೆ. ಪ್ರದಕ್ಷಿಣೆಯಿಂದ ಅಧೋಗತಿಯೆಂಬುದು ನಮ್ಮವರಿಗೆ ವಿಚಿತ್ರವಾಗಿ ತೋರಬಹುದು. ಈ ಉಪಾಯದಲ್ಲಿ ದೋಷಗಳೂ ಇಲ್ಲದಿಲ್ಲ. ಪೀಠವು ಮೇಲಕ್ಕೆ ಏರಿದಷ್ಟೂ ಪುರಿಯೊಳಗೆ ಉಳಿಯುವ ತಿರುಪು ಕಡಮೆಯಾಗಿ ಆಸನವು ಅಲುಗಾಡುತ್ತದೆ. ಹೆಚ್ಚು ಆಸರೆ ಬೇಕಾದ ಚಿಕ್ಕ ಮಕ್ಕಳೇ ಹೆಚ್ಚು ಅಲುಗುವ ಪೀಠದಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ವಾದಕನು ಬಲಕ್ಕೂ ಎಡಕ್ಕೂ ಹೊರಳಿದ ಹಾಗೆಲ್ಲ ಎತ್ತರವು ಅವನಿಗೆ ತಿಳಿಯದಂತೆಯೇ ಕೂದಲೆಳೆಯಷ್ಟು ಬದಲಾಗುತ್ತದೆ. ಇಬ್ಬರು ಒಟ್ಟಿಗೆ ನುಡಿಸುವುದಕ್ಕಂತೂ ಇದು ಒದಗದು.

ಅಮೆರಿಕಾದಲ್ಲಿ ಈ ಪೀಠಗಳನ್ನೇ ಮುಖ್ಯವಾದ ಕಸುಬಾಗಿ ಹಿಡಿದ ಕಾರ್ಖಾನೆಗಳಿದ್ದುವು. ಮ್ಯಾಸಚೂಸೆಟ್ಸ್ ಪ್ರಾಂತದ ಸೌತ್ ಆಕ್ಟನ್ ಎಂಬ ಊರಿನ ಮೆರಿಯಂ ಮನೆತನದ್ದೂ ಶಿಕಾಗೋ ನಗರದ ಟಾಂಕ್ ಮನೆತನದ್ದೂ ಹೆಸರುವಾಸಿಯಾದುವು. ಕಡೆದು ಗಂಟುಗಂಟಾಗಿ ಮಾಡಿದ ಕಾಲುಗಳು, ಕಾಲಿನ ತುದಿಯಲ್ಲಿ ಗಾಜಿನ ಗುಂಡನ್ನು ಹಿಡಿದ ಲೋಹದ ಹದ್ದುಗುರು, ಇವು ಅಲ್ಲಿಯ ಪೀಠಗಳ ಲಕ್ಷಣ. ಹಳೆಯ ವಸ್ತುಗಳನ್ನು ಸಂಗ್ರಹಿಸುವವರು ಇವನ್ನು ಬಹುವಾಗಿ ಕೊಂಡಾಡುವರು. ನಮಗೆ ಆ ಗಾಜಿನ ಗುಂಡಿನಲ್ಲಿ ಅಲಂಕಾರವು ಔಚಿತ್ಯವನ್ನು ಮೀರಿದಂತೆ ತೋರುವುದರಿಂದ ಮುಂದಕ್ಕೆ ಹೋಗುವೆವು.

ಮಿಖಾಯೆಲ್ ಟೋನೆಟನು 1796ನೆಯ ಇಸವಿಯ ಜುಲೈ 2ರಂದು ರೈನ್ ನದಿಯ ದಡದ ಬೊಪ್ಪಾರ್ಡ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದನು. ತಂದೆ ತೊಗಲು ಹದಮಾಡುವವನು. ಮಗನು ಬಡಗಿಯ ಕೆಲಸವನ್ನು ಕಲಿತು 1819ರಲ್ಲಿ ಸ್ವಂತ ಕಮ್ಮಟವನ್ನು ತೆರೆದನು. ಕುರ್ಚಿಯ ಬಾಗಿದ ಭಾಗಗಳನ್ನು ದಪ್ಪ ಮರದಲ್ಲಿ ಕೊರೆದು ತೆಗೆಯುವುದು ಆ ಕಾಲದ ಪದ್ಧತಿ. ಹೀಗೆ ಮಾಡಿದರೆ ಮರವು ಬಹಳ ವ್ಯರ್ಥವಾಗುವುದಲ್ಲದೆ, ನಾರುಗಳು ಅಡ್ಡಕ್ಕೆ ಕಡಿದುಹೋಗಿ ಬಾಗಿದ ಕಡೆಯಲ್ಲೇ ಕಾಲು ಮುರಿಯುವುದು. 1830ರ ದಶಕದಲ್ಲಿ ಟೋನೆಟನು ಮರವನ್ನು ತೆಳ್ಳನೆಯ ಪದರಗಳಾಗಿ ಸೀಳಿ, ಅವನ್ನು ಕಾಯ್ದ ಅಂಟಿನಲ್ಲಿ ಕುದಿಸಿ, ಒಂದರ ಮೇಲೊಂದನ್ನು ಕೂಡಿಸಿ, ಅಚ್ಚಿನಲ್ಲಿ ಬಾಗಿಸುವ ಕ್ರಮವನ್ನು ಕಂಡುಕೊಂಡನು. ಪ್ರಷ್ಯಾ ಸರ್ಕಾರವು ಇದಕ್ಕೆ ಏಕಸ್ವಾಮ್ಯದ ಸನ್ನದನ್ನು ಕೊಡಲಿಲ್ಲ. ಪರದೇಶಗಳ ಸನ್ನದುಗಳಿಗಾಗಿ ಮಾಡಿದ ಸಾಲವು ಬೆಳೆಯಿತು.

1841ರಲ್ಲಿ ಕೊಬ್ಲೆಂಟ್ಸ್ ನಗರದ ಪ್ರದರ್ಶನದಲ್ಲಿ ಅವನ ಕುರ್ಚಿಗಳು ಆಸ್ಟ್ರಿಯಾದ ಮಹಾಮಂತ್ರಿ ಮೆಟರ್ನಿಖನ ಕಣ್ಣಿಗೆ ಬಿದ್ದುವು. ಆ ಊರಿನಲ್ಲಿಯೇ ಹುಟ್ಟಿದ ಮಂತ್ರಿಯು ಅವನನ್ನು ವಿಯೆನ್ನಾಕ್ಕೆ ಬರುವಂತೆ ಪ್ರೇರಿಸಿದನು. 1842ರ ಜುಲೈ ತಿಂಗಳಲ್ಲಿ, ಎಷ್ಟೇ ಪೆಡಸಾದ ಮರವನ್ನಾದರೂ ಬೇಕಾದ ಆಕಾರಕ್ಕೆ ಬಾಗಿಸುವ ಹಕ್ಕು ಅವನಿಗೆ ಅಲ್ಲಿ ದೊರೆಯಿತು. ಇತ್ತ ಬೊಪ್ಪಾರ್ಡಿನಲ್ಲಿ ಸಾಲ ಕೊಟ್ಟವರು ಅವನ ಸ್ವತ್ತನ್ನು ಜಪ್ತಿಮಾಡಿಸಿದರು. ನಲವತ್ತಾರನೆಯ ವಯಸ್ಸಿನಲ್ಲಿ ಸಂಸಾರಸಮೇತನಾಗಿ ಪರಸ್ಥಳಕ್ಕೆ ಬಂದು ಮತ್ತೊಬ್ಬರ ಕೈಕೆಳಗೆ ದುಡಿಯಬೇಕಾಯಿತು. ಲೈಸ್ಟ್ಲರ್ ಎಂಬ ಕುಶಲಿಯ ಜೊತೆಯಲ್ಲಿ ಲೀಖ್ಟೆನ್‌ಸ್ಟೈನ್ ರಾಜಕುಲದ ಅರಮನೆಗೆ ನೆಲಹಾಸಿನ ಮರಗೆಲಸವನ್ನೂ ಹಗುರವಾದ ಕುರ್ಚಿಗಳನ್ನೂ ಮಾಡಿಕೊಟ್ಟನು. 1849ರಲ್ಲಿ ಮತ್ತೆ ಸ್ವಂತ ಕಮ್ಮಟವಾಯಿತು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಕಂಚಿನ ಪದಕವು ಬಂದಿತು. 1853ರಲ್ಲಿ ಅವನು ವ್ಯವಹಾರವನ್ನು ಫ್ರಾಂಟ್ಸ್, ಮಿಖಾಯೆಲ್, ಆಗಸ್ಟ್, ಯೋಸೆಫ್, ಯಾಕೋಬ್ ಎಂಬ ತನ್ನ ಐವರು ಮಕ್ಕಳ ಹೆಸರಿಗೆ ಬರೆದುಕೊಟ್ಟನು. ಆದುದರಿಂದಲೇ ಆ ಸಂಸ್ಥೆಗೆ ‘ಟೋನೆಟ್ ಸೋದರರು’ ಎಂಬ ಹೆಸರು ಬಂದಿತು.

ಅಂಟಿನ ಕುರ್ಚಿಗೆ ಒಂದು ಮರ್ಮಸ್ಥಾನವಿತ್ತು. ಸಮುದ್ರಯಾನದ ತೇವಕ್ಕೂ ಉಷ್ಣದೇಶಗಳ ಹವೆಗೂ ಪದರಗಳು ಬಿಟ್ಟುಕೊಳ್ಳುತ್ತಿದ್ದುವು. ಅಂಟಿಲ್ಲದೆ ಅಖಂಡವಾದ ಮರವನ್ನೇ ಬಾಗಿಸಬೇಕಾಯಿತು. ಇಲ್ಲಿಯ ತೊಡಕೇನೆಂದರೆ, ಕೋಲನ್ನು ಬಾಗಿಸಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಹಬೆಯಲ್ಲಿ ಬೆಂದ ಬೀಚ್ ಮರವು ಕುಗ್ಗುವುದನ್ನು ಬಹಳವಾಗಿ ಸಹಿಸುತ್ತದೆ. ಹಿಗ್ಗುವುದನ್ನು ಮಾತ್ರ ಸಹಿಸದೆ ಸೀಳುತ್ತದೆ. ಟೋನೆಟರು ಮಾಡಿದುದು ಇಷ್ಟು: ಬಾಗಿಸುವ ಮೊದಲು ಕೋಲಿನ ಹೊರಮೈಗೆ ಉಕ್ಕಿನ ಪಟ್ಟಿಯೊಂದನ್ನು ಒತ್ತಿ, ಎರಡು ತುದಿಗಳಲ್ಲಿಯೂ ಬಿಗಿದರು. ಪಟ್ಟಿಯು ಹಿಗ್ಗದು, ಆದುದರಿಂದ ಅದರ ಬಗಲಿನ ಮರವೂ ಹಿಗ್ಗದು, ಬಾಗುವಿಕೆಯೆಲ್ಲವೂ ಒಳಮೈಯ ಕುಗ್ಗುವಿಕೆಯಿಂದಲೇ ನಡೆಯುತ್ತದೆ. ಕಡೆದು ದುಂಡಗೆ ಮಾಡಿದ ಕೋಲನ್ನು ಹಬೆಯ ಪೆಟ್ಟಿಗೆಯಿಂದ ತೆಗೆದೊಡನೆ ಇಬ್ಬರು ಆಳುಗಳು ಅದು ಆರುವುದರೊಳಗಾಗಿ ಕಬ್ಬಿಣದ ಅಚ್ಚಿಗೆ ಸುತ್ತಿ ಬಿಗಿಯುವರು. ಅಚ್ಚಿನಲ್ಲಿಯೇ ಒಣಗಿದ ಕೋಲು ಆ ಮೇಲೆ ಆ ಆಕಾರವನ್ನು ಬಿಡುವುದಿಲ್ಲ. ಈ ಒಂದು ಉಕ್ಕಿನ ಪಟ್ಟಿಯನ್ನು ಕಂಡುಹಿಡಿದುದಕ್ಕಾಗಿ ಮಾತ್ರವೇ ಆದರೂ ಆ ಮನೆತನವು ಶಿಲ್ಪದ ಚರಿತ್ರೆಯಲ್ಲಿ ನಿಲ್ಲತಕ್ಕದ್ದೆಂದು ನಮ್ಮ ಅಭಿಪ್ರಾಯ. 1856ರಲ್ಲಿ ಇದಕ್ಕೂ ಸನ್ನದು ದೊರೆಯಿತು.

ಪಿಯಾನೋ ಪೀಠಕ್ಕೆ ಇದರಿಂದಾದ ಉಪಕಾರವು ದೊಡ್ಡದು. ತಿರುಪಿನ ಪೀಠದಲ್ಲಿ ಕೂತವನ ಭಾರವೂ ಹೊರಳಾಟವೂ ಕಾಲುಗಳ ಕೀಲುಗಳ ಮೇಲೆ ಬೀಳುತ್ತವೆ. ಅಂಟಿನಿಂದ ಕೂಡಿಸಿದ ಕೀಲು ಬೇಗನೆ ಸಡಿಲುತ್ತದೆ. ಬಾಗುಮರದ ಪೀಠದಲ್ಲಿ ಒಂದೊಂದು ಕಾಲೂ ಅಖಂಡವಾದ ಕೋಲು, ಕೆಳಗಡೆ ಅವೆಲ್ಲವನ್ನೂ ಅಪ್ಪಿಹಿಡಿಯುವ ಒಂದು ಬಳೆ, ಕೂಡಿಕೆಯೆಲ್ಲ ತಿರುಪುಮೊಳೆಗಳಿಂದ. ಸಡಿಲಿದರೆ ಮನೆಯವರೇ ಬಿಗಿದುಕೊಳ್ಳಬಹುದು. ಬಿಚ್ಚಿ ಸಾಗಿಸಬಹುದು. ಇದೇ ಮನೆತನದ 1859ರ ‘14ನೆಯ ಸಂಖ್ಯೆ’ಯ ಕುರ್ಚಿಯಲ್ಲಿ ಮರದ ತುಂಡುಗಳು ಆರೇ ಆರು, ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದುವು, 1930ರ ಹೊತ್ತಿಗೆ ಅಂತಹವು 5 ಕೋಟಿಯಷ್ಟು ಮಾರಾಟವಾಗಿದ್ದುವೆಂದು ಲೆಕ್ಕ. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಚಹ ಕುಡಿದವರು ಈ ಜಾತಿಯ ಕುರ್ಚಿಯ ಬೆನ್ನಿಗೆ ಬೆನ್ನನ್ನು ಆನಿಸಿಯೇ ಇರುವರು.

ಇನ್ನು ನಮ್ಮ ಮುಖ್ಯ ವಿಚಾರಕ್ಕೆ ಬರೋಣ. ಪೀಠದ ಅಡಿಯ ಮುದ್ರೆಯು ‘ಟೋನೆಟ್’ ಎನ್ನುತ್ತದೆ. ಹಾಗಾದರೆ ಈ ಪೀಠವನ್ನು ಮಾಡಿದವರು ಟೋನೆಟರೇ?

ವ್ಯಾಕರಣಶಾಸ್ತ್ರದಲ್ಲಿ ಪ್ರಯೋಜಕಕರ್ತೃ, ಪ್ರಯೋಜ್ಯಕರ್ತೃ ಎಂಬ ಭೇದವುಂಟು. ಮಾಡಿಸುವವನು ಬೇರೆ, ಮಾಡುವವನು ಬೇರೆ. ಇಬ್ಬರನ್ನೂ ಕರ್ತೃವೆಂದೇ ಶಾಸ್ತ್ರವು ಒಪ್ಪುತ್ತದೆ, ಆದರೆ ಒಬ್ಬನನ್ನು ಮತ್ತೊಬ್ಬನೊಡನೆ ಕಲಸುವುದಿಲ್ಲ. ನಮ್ಮ ಶಾಸನಗಳೂ ಈ ವಿವೇಕವನ್ನು ಕಾಪಾಡಿವೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಬರಹವು ಚಾವುಂಡರಾಯನು ‘ಮಾಡಿಸಿದಂ’ ಎನ್ನುತ್ತದೆಯೇ ಹೊರತು ‘ಮಾಡಿದಂ’ ಎನ್ನುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮದನಿಕೆಯರ ಅಡಿಯಲ್ಲಿ ತಮ್ಮ ಹೆಸರನ್ನು ತಾವೇ ಕೊರೆದಿರುವರು. ಅಲ್ಲಿ ಮಾಡಿಸಿದವನ ಶಾಸನವೂ ಉಂಟು, ಮಾಡಿದವನ ಸಹಿಯೂ ಉಂಟು. ಟೋನೆಟ್ ಪೀಠದಲ್ಲಿ ಒಂದೇ ಮುದ್ರೆ.

ಸೋದರರು ಬೀಚ್ ಮರದ ಕಾಡನ್ನು ಹುಡುಕಿಕೊಂಡು ಇಂದಿನ ಚೆಕ್ ದೇಶದಲ್ಲಿರುವ ಮೊರೇವಿಯಾ ಪ್ರಾಂತಕ್ಕೆ ಹೋಗಿ, ಮೊದಲು ಕೊರಿಚಾನ್ ಎಂಬಲ್ಲಿಯೂ 1860ರ ದಶಕದ ಆದಿಯಲ್ಲಿ ಬಿಸ್ತ್ರಿತ್ಸೆ ಎಂಬಲ್ಲಿಯೂ ಕಾರ್ಖಾನೆಗಳನ್ನು ಕಟ್ಟಿದರು. ಕಾಡಿನ ಜೊತೆಗೆ ಅಲ್ಲಿ ಮತ್ತೊಂದು ಸಂಪತ್ತಿತ್ತು: ಬೇಸಾಯದಿಂದ ಹೊಟ್ಟೆ ತುಂಬದ ಹಳ್ಳಿಗಳು. ಕೆಲಸವನ್ನು ಕಡೆಯುವುದು, ಹಬೆಗಿಡುವುದು, ಬಾಗಿಸುವುದು, ಉಜ್ಜುವುದು, ಬಣ್ಣ ಬಳಿಯುವುದು, ಬೆತ್ತ ಹೆಣೆಯುವುದು ಎಂದು ಬೇರೆಬೇರೆಯಾಗಿ ಒಡೆದುದರಿಂದ ಪೂರ್ಣಶಿಕ್ಷಣ ಪಡೆದ ಬಡಗಿಯು ಬೇಕಾಗಲೇ ಇಲ್ಲ. ಬಾಗಿಸುವುದು ಗಂಡಸರ ಪಾಲು. ಉಜ್ಜುವುದು, ಮೆರುಗು ಕೊಡುವುದು, ಬೆತ್ತ ಹೆಣೆಯುವುದು ಹೆಚ್ಚಾಗಿ ಹೆಂಗಸರ ಪಾಲು. ಬೆತ್ತದ ಕೆಲಸವನ್ನು ಹಳ್ಳಿಯ ಮನೆಗಳಿಗೂ ಕಳುಹಿಸುತ್ತಿದ್ದರು.

ಬೆತ್ತದ ಆಸನವನ್ನು ಹೆಣೆಯುವುದನ್ನು ನೋಡಿದವರಿಗೆ ಇದರ ಶ್ರಮವು ತಿಳಿದೀತು. ಆಸನದ ಬಳೆಯ ಸುತ್ತಲೂ ರಂಧ್ರಗಳು. ಪೂರ್ವದ್ವೀಪಗಳಿಂದ ಬಂದ ಬೆತ್ತದ ಹೊರಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಆ ಮೇಲೆ ಎರಡು ಮೂಲೆಗಳಿಂದ ಒಂದೊಂದು ಸಲ ಎಳೆಯಬೇಕು. ಎಲ್ಲವೂ ಸರಿಯಾಗಿದ್ದರೆ ನಡುವೆ ಎಂಟು ಮೂಲೆಯ ಕಣ್ಣುಗಳು ಸಾಲಾಗಿ ತೆರೆಯುತ್ತವೆ. ಚೌಕದ ಆಸನಕ್ಕಿಂತ ದುಂಡಗಿನದು ಕಷ್ಟ, ಏಕೆಂದರೆ ಅಂಚಿಗೆ ಹೋದಂತೆ ಪ್ರತಿಯೊಂದು ಎಳೆಯ ಉದ್ದವೂ ಬೇರೆ. ಒಂದು ಎಳೆ ಸಡಿಲವಾದರೆ ಕೂತವನ ಭಾರಕ್ಕೆ ಅದರ ನೆರೆಯದು ಮೊದಲು ಹರಿಯುತ್ತದೆ. 1900ರ ಸುಮಾರಿಗೆ ಟೋನೆಟರ ಕಾರ್ಖಾನೆಗಳಲ್ಲಿ ಸುಮಾರು 6,000 ಜನರು ದುಡಿದು ದಿನವೊಂದಕ್ಕೆ 4,000 ವಸ್ತುಗಳಷ್ಟನ್ನು ತಯಾರಿಸುತ್ತಿದ್ದರು.

ಇಲ್ಲಿ ಪೂರ್ವಪಕ್ಷವೊಂದುಂಟು. ಉಪಾಯವನ್ನು ಕಂಡವರು ಟೋನೆಟರು. ಸಾಲಕ್ಕೆ ಮನೆ ಕಳೆದುಕೊಂಡವರು ಅವರು. ಕೆಲಸಗಾರರಿಗೆ ವಸತಿಯನ್ನೂ ಅವರ ಮಕ್ಕಳಿಗೆ ಶಾಲೆಯನ್ನೂ ಕಟ್ಟಿಸಿದವರೂ ಅವರೇ. ಹೀಗಿರುವಲ್ಲಿ ಮುದ್ರೆಯು ಅವರದಾಗಿರುವುದು ನ್ಯಾಯವೇ ಎಂದು. ಇದೆಲ್ಲವೂ ನಿಜ, ನಾವೂ ಮೇಲೆ ಅದನ್ನು ಆದರದಿಂದಲೇ ವಿವರಿಸಿದೆವು. ಆದರೆ ಇದರಿಂದ ಸಿದ್ಧಿಸುವುದು ಅವರು ‘ಮಾಡಿಸಿದರು’ ಎಂಬುದಷ್ಟೆ. ಕಸುಬಿನ ಒಡೆಯರ ಐದು ಹೆಸರುಗಳನ್ನು ನಾವು ಬಾಯಿಪಾಠವಾಗಿ ಹೇಳಬಲ್ಲೆವು. ಬಾಗಿಲ ಬಳಿ ಕುಳಿತು ಆಸನವನ್ನು ಹೆಣೆದ ತಾಯಿಯ ಹೆಸರನ್ನೂ, ಅವಳಿಂದ ಆ ಹೆಣಿಗೆಯನ್ನು ಕಲಿತ ಮಗಳ ಹೆಸರನ್ನೂ ಆ ಮುದ್ರೆಯು ಹೇಳದು. ಮನೆತನವೆಂದರೆ ತಲೆಯಿಂದ ತಲೆಗೆ ಕೈಯ ಅರಿವು ಇಳಿದುಬರುವ ಸಂತಾನವೆಂದು ಅರ್ಥ ಮಾಡುವುದಾದರೆ, ವಿಯೆನ್ನಾದ ಒಂದು ಮನೆತನವು ಈ ಪೀಠವನ್ನು ಮಾಡಿಸಿತು, ಮೊರೇವಿಯಾದ ನೂರಾರು ಮನೆತನಗಳು ಮಾಡಿದುವು. ಸಂಗ್ರಹಕಾರರ ಪಟ್ಟಿಗಳಲ್ಲಿ ಈ ಎರಡನೆಯ ವಾಕ್ಯವು ಕಾಣುವುದಿಲ್ಲವೆಂಬುದೇ ನಮ್ಮ ಆಕ್ಷೇಪ.

ಮುಂದಿನ ಕಥೆ ಚಿಕ್ಕದು. 1869ರಲ್ಲಿ ಸನ್ನದಿನ ಕಾಲವು ಮುಗಿಯಿತು. ಯಾಕೋಬ್ ಮತ್ತು ಯೋಸೆಫ್ ಕೋನ್ ಎಂಬವರೇ ಮೊದಲಾದ ಪ್ರತಿಸ್ಪರ್ಧಿಗಳು ಅದೇ ಕಾಡಿಗೆ, ಅದೇ ಕಸುಬಿಗೆ ಕೈ ಹಾಕಿದರು. ಮಿಖಾಯೆಲ್ ಟೋನೆಟನು 1871ರಲ್ಲಿ ತೀರಿಕೊಂಡನು. ಮೊದಲನೆಯ ಮಹಾಯುದ್ಧದ ತರುವಾಯ, 1920ರ ದಶಕದ ಆದಿಯಲ್ಲಿ, ಟೋನೆಟರೂ ಕೋನರೂ ಮುಂಡುಸ್ ಎಂಬ ಒಂದೇ ಒಕ್ಕೂಟದೊಳಗೆ ಸೇರಿಹೋದರು. ತಿರುಪುಪೀಠದ ಯೋಗವೂ ಆ ವೇಳೆಗೆ ಇಳಿಮುಖವಾಗಿತ್ತು. ಅಮೆರಿಕಾದಲ್ಲಿ 1909ರಲ್ಲಿ 3,50,000ಕ್ಕೂ ಮಿಕ್ಕು ಪಿಯಾನೋಗಳು ತಯಾರಾದುವು; ಅದೇ ಶಿಖರ. ಗ್ರಾಮಫೋನೂ ರೇಡಿಯೋವೂ ಮನೆಯ ಸಂಗೀತವನ್ನು ಕೈಯಿಂದ ಕಿವಿಗೆ ದಾಟಿಸಿದುವು. ಉಳಿದ ಪಿಯಾನೋಗಳ ಮುಂದೆ, ಇಬ್ಬರು ಕೂರಬಹುದಾದ, ಮುಚ್ಚಳದ ಅಡಿಯಲ್ಲಿ ಸ್ವರಲಿಪಿಯ ಹಾಳೆಗಳನ್ನು ಇಡಬಹುದಾದ ಉದ್ದನೆಯ ಬೆಂಚು ಬಂದು ಕುಳಿತಿತು. ಎರಡನೆಯ ಮಹಾಯುದ್ಧದ ತರುವಾಯ ಮೊರೇವಿಯಾದ ಕಾರ್ಖಾನೆಗಳು ಚೆಕೊಸ್ಲೊವಾಕಿಯಾ ಸರ್ಕಾರದ ವಶವಾದುವು. ಟೋನೆಟರ ವಂಶವು ಜರ್ಮನಿಯ ಫ್ರಾಂಕೆನ್‌ಬೆರ್ಗಿನಲ್ಲಿ ಕಸುಬನ್ನು ಮುಂದುವರಿಸಿತು. ಬಿಸ್ತ್ರಿತ್ಸೆಯ ಕಾರ್ಖಾನೆಗೆ 1953ರಲ್ಲಿ ‘ಟಾನ್’ ಎಂಬ ಹೆಸರಾಯಿತು. ಅದು ಬಾಗುಮರದ ಪೀಠೋಪಕರಣಗಳ ಕಾರ್ಖಾನೆ ಎಂಬ ಚೆಕ್ ಮಾತುಗಳ ಮೊದಲ ಅಕ್ಷರಗಳಿಂದಾದುದು. ಒಡೆಯರ ಹೆಸರು ಹೋಗಿ ಕೆಲಸದ ಹೆಸರು ಬಂದುದು ಗಮನಿಸತಕ್ಕ ಸಂಗತಿ. ಅಲ್ಲಿ ಇಂದಿಗೂ ಹಬೆಯಿಂದ ತೆಗೆದ ಬೀಚ್ ಕೋಲನ್ನು ಕೈಯಿಂದಲೇ ಬಾಗಿಸುತ್ತಿರುವರು.

ಪ್ರಸಂಗವಶದಿಂದ ಇನ್ನೊಂದು ಪೀಠವನ್ನು ಹೇಳದೆ ಬಿಡಲಾರೆವು. ಕೆನಡಾ ದೇಶದ ಪ್ರಸಿದ್ಧ ಪಿಯಾನೋ ವಾದಕ ಗ್ಲೆನ್ ಗೂಲ್ಡನು (1932–1982) ಎಲ್ಲರಿಗಿಂತ ಬಹಳ ತಗ್ಗಿನಲ್ಲಿ, ನೆಲದಿಂದ ಸುಮಾರು 14 ಅಂಗುಲದಲ್ಲಿ, ಕುಳಿತು ನುಡಿಸುತ್ತಿದ್ದನು. ಅಷ್ಟು ಇಳಿಯುವ ಪೀಠವು ಅಂಗಡಿಯಲ್ಲಿ ಸಿಕ್ಕದು. 1953ರಲ್ಲಿ ಅವನ ತಂದೆ, ಕಸುಬಿನಲ್ಲಿ ತುಪ್ಪಳದ ಉಡುಪಿನ ವ್ಯಾಪಾರಿ, ಮಡಿಸುವ ಒಂದು ಸಾಧಾರಣ ಕುರ್ಚಿಯ ಕಾಲುಗಳನ್ನು ನಾಲ್ಕು ಅಂಗುಲದಷ್ಟು ಕೊಯ್ದು, ಎತ್ತರವನ್ನು ಹೊಂದಿಸಿಕೊಳ್ಳುವುದಕ್ಕೆ ಕಾಲುಗಳಿಗೆ ತಿರುಪುಗಳನ್ನು ಕೂಡಿಸಿಕೊಟ್ಟನು. ಮೆತ್ತೆ ಹರಿದು ಬರಿಯ ಚೌಕಟ್ಟು ಉಳಿದ ಮೇಲೂ ಮಗನು ಸಾಯುವವರೆಗೆ ಅದರಲ್ಲಿಯೇ ಕುಳಿತು ನುಡಿಸಿದನು. ಅದಕ್ಕೆ ಮುದ್ರೆಯಿಲ್ಲ, ಆದರೂ ಮಾಡಿದವನು ಯಾರು, ಯಾರಿಗಾಗಿ ಎಂಬುದರಲ್ಲಿ ಸಂದೇಹವಿಲ್ಲ.

ಮೈಸೂರಿನ ನಮ್ಮ ಪೀಠದ ಬೆತ್ತವು ಮೊರೇವಿಯಾದ್ದಲ್ಲ. ಹಳೆಯದು ಎಂದೋ ಹರಿದುಹೋಗಿ, ಈಗಿನದನ್ನು ಮನೆಯವರು ತಮ್ಮ ಬಾಲ್ಯದಲ್ಲಿ ಊರಿನ ಬೆತ್ತದ ಕೆಲಸದವನೊಬ್ಬನಿಂದ ಜಗಲಿಯ ಮೇಲೆ ಕೂರಿಸಿ ಹೆಣೆಸಿದುದಂತೆ. ಅವನ ಹೆಸರು ಈಗ ಯಾರಿಗೂ ನೆನಪಿಲ್ಲ. ಮಧ್ಯಾಹ್ನ ಮಜ್ಜಿಗೆ ಕೇಳಿ ಕುಡಿಯುತ್ತಿದ್ದನೆಂಬುದು ಮಾತ್ರ ನೆನಪಿದೆ. ತಿರುಪು ತುಕ್ಕು ಹಿಡಿದು ಹತ್ತೊಂಬತ್ತು ಅಂಗುಲದ ಎತ್ತರದಲ್ಲಿ ನಿಂತಿದೆ. ಎಣ್ಣೆ ಬಿಟ್ಟು ಬಿಡಿಸೋಣವೇ ಎಂದು ಕೇಳಿದುದಕ್ಕೆ ಮಿತ್ರರು ಒಪ್ಪಲಿಲ್ಲ. ಅದು ಅವರ ತಾಯಿ ಕೊನೆಯದಾಗಿ ತಿರುಗಿಸಿ ಬಿಟ್ಟ ಎತ್ತರ.